ನಾಳೆ ನೋಡೋಣ

"ನಾಳೆ ನೋಡೋಣ" ಎಂಬುದು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು. ಮುರಿದ ಕುರ್ಚಿಯ ಕಾಲು, ಬರೆಯಬೇಕಾದ ಕಾಗದ, ತೀರಿಸಬೇಕಾದ ಸಣ್ಣ ಸಾಲ, ಇವೆಲ್ಲವೂ ಈ ಮಾತಿನ ನೆರಳಿನಲ್ಲಿ ಸುಖವಾಗಿ ಮಲಗಿರುತ್ತವೆ. ಅದರಿಂದ ಲೋಕಕ್ಕೆ ಹೆಚ್ಚಿನ ಹಾನಿಯಾದುದನ್ನು ನಾನು ಕಂಡಿಲ್ಲ. ಎಷ್ಟೋ ಕೆಲಸಗಳು ನಾಳೆಯವರೆಗೆ ಕಾದು, ಆಮೇಲೆ ಮಾಡುವ ಅಗತ್ಯವೇ ಇಲ್ಲದೆ ತಾವಾಗಿಯೇ ಕಳಚಿಹೋಗುವುದೂ ಉಂಟು. ಆದುದರಿಂದ ಈ ಮಾತನ್ನು ಆಡುವವರನ್ನು ಸೋಮಾರಿಗಳೆಂದು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಸಂದರ್ಭದಲ್ಲಿ ನಾನಾಡಿದ ಈ ಎರಡು ಪದಗಳಿಂದ ಒಂದು ಜೀವ ಹೋಯಿತು. ಅದು ಬೆಕ್ಕಿನ ಜೀವ. ಬೆಕ್ಕೆಂದೊಡನೆ ಕೆಲವು ವಾಚಕರು ಪುಟವನ್ನು ತಿರುವಿಬಿಡಬಹುದು. ತಿರುವದೆ ಉಳಿದವರ ಮನೆಯಲ್ಲಿ ಬಹುಶಃ ನಾಯಿಯೋ ಬೆಕ್ಕೋ ಇದ್ದೀತು. ಅವರಿಗಾಗಿಯೇ ಈ ನಾಲ್ಕು ಮಾತು.

ನಮ್ಮ ಮಂಡ್ಯದ ಕಡೆ ಬೆಕ್ಕನ್ನು ಕೊತ್ತಿಯೆಂದು ಕರೆಯುವುದು ವಾಡಿಕೆ. ನಮ್ಮ ಮನೆಯ ಕೊತ್ತಿ ಬೂದಿ ಬಣ್ಣದ ಗಂಡು, ಹೆಸರು ಬೂದ. ಅದು ನಮ್ಮ ಮನೆಗೆ ಬಂದುದು ಯಾರೂ ಕರೆದುದರಿಂದಲ್ಲ. ಒಂದು ಮಳೆಗಾಲದ ಸಂಜೆ ಅಡಿಗೆಮನೆಯ ಕಿಟಕಿಯಿಂದ ಒಳಕ್ಕೆ ಇಳಿದು, ಒಲೆಯ ಪಕ್ಕದಲ್ಲಿ ಕುಳಿತು, ನಮ್ಮನ್ನೆಲ್ಲ ಬಾಡಿಗೆದಾರರನ್ನು ನೋಡುವ ಮನೆಯೊಡೆಯನಂತೆ ನೋಡಿತು. ಅಂದಿನಿಂದ ನಾಲ್ಕು ವರ್ಷ ನನ್ನ ಮೇಜಿನ ಮೇಲಿನ ಕಾಗದಗಳೆಲ್ಲವೂ ಅದರ ಹಾಸಿಗೆಯಾದುವು. ನಾನು ಬರೆಯುತ್ತಿದ್ದಾಗ ಅದು ಗುರುಗುಟ್ಟುತ್ತ ಮಲಗಿದ್ದರೆ, ಬರೆದುದು ಸುಮಾರಾಗಿದ್ದರೂ ಒಬ್ಬ ರಸಿಕನ ಒಪ್ಪಿಗೆ ಸಿಕ್ಕಿತೆಂದು ನನಗೆ ತೃಪ್ತಿಯಾಗುತ್ತಿತ್ತು.

೨೦೧೧ನೆಯ ಇಸವಿಯ ಬೇಸಗೆ. ಮನೆಯಲ್ಲಿ ತಂಗಿಯ ಮಗನ ನಾಮಕರಣಕ್ಕೆ ಬಂದ ನೆಂಟರು ತುಂಬಿದ್ದರು. ಒಂದು ಶನಿವಾರ ಸಂಜೆ ಬೂದ ಹಿತ್ತಿಲ ಜಗಲಿಯಲ್ಲಿ ಇಟ್ಟಿದ್ದ ಮರಳಿನ ತಟ್ಟೆಗೆ ಹೋಗಿ ಕುಳಿತಿತು. ಎದ್ದು ಬಂದು ಮತ್ತೆ ಹೋಗಿ ಕುಳಿತಿತು. ಒಮ್ಮೆ ಗಂಟಲಿನಿಂದ ತಗ್ಗಿದ ದನಿಯಲ್ಲಿ ಕೂಗಿತು. ಇದನ್ನು ಮೊದಲು ಗಮನಿಸಿದವರು ನಮ್ಮ ತಾಯಿ. ಅವರು ತಟ್ಟೆಯ ಮುಂದೆ ಬಗ್ಗಿ, ಮರಳನ್ನು ಒಂದು ಕಡ್ಡಿಯಿಂದ ಕೆದಕಿ ನೋಡಿ, ನನ್ನನ್ನು ಕರೆದರು.

"ಮರಳು ಒಣಗೇ ಇದೆಯಲ್ಲೋ ಮಗ. ಮಧ್ಯಾಹ್ನದಿಂದ ಹೋಗಿ ಹೋಗಿ ಕೂರುತ್ತೆ, ಒಂದು ತೊಟ್ಟು ಉಚ್ಚೆ ಹೊಯ್ದಿಲ್ಲ."

"ಮಲಬದ್ಧತೆ ಇರಬೇಕಮ್ಮ. ಒಂದು ಚಮಚ ಹರಳೆಣ್ಣೆ ಕುಡಿಸಿದರೆ ಸರಿಹೋಗುತ್ತೆ. ಇಲ್ಲದಿದ್ದರೆ ನಾಳೆ ನೋಡೋಣ" ಎಂದೆ.

ನಾನು ಓದಿದವನು, ನಮ್ಮ ತಾಯಿ ಪ್ರಾಥಮಿಕ ಶಾಲೆಯ ಮೆಟ್ಟಿಲನ್ನಷ್ಟೇ ಹತ್ತಿ ಇಳಿದವರು. ಅವರು ಮುಂದೆ ಮಾತನಾಡಲಿಲ್ಲ. ಹರಳೆಣ್ಣೆ ಕುಡಿಸಿದುದಾಯಿತು. ಮರುದಿನ ಭಾನುವಾರ. ಬೂದ ಮಂಚದ ಕೆಳಗೆ ಸೇರಿಕೊಂಡು ಅನ್ನ ಮುಟ್ಟಲಿಲ್ಲ. ಹಿಂಗಾಲುಗಳ ನಡುವೆ ಮತ್ತೆ ಮತ್ತೆ ನೆಕ್ಕಿಕೊಳ್ಳುತ್ತಿತ್ತು. ಪಶುವೈದ್ಯರ ಮನೆ ನಮ್ಮಿಂದ ಎರಡು ಬೀದಿಯಾಚೆ. ಆದರೆ ಭಾನುವಾರ ಒಬ್ಬ ದೊಡ್ಡ ಮನುಷ್ಯರನ್ನು ಒಂದು ಕೊತ್ತಿಗಾಗಿ ಎಬ್ಬಿಸುವುದೆಂದರೆ ನನಗೆ ಸಂಕೋಚವಾಯಿತು. ನೆಂಟರು ಬೇರೆ ನಗುತ್ತಿದ್ದರು. ಸೋಮವಾರ ಬೆಳಗ್ಗೆ ನೋಡಿದರೆ ಅದು ವಾಂತಿ ಮಾಡಿಕೊಂಡು ಪಕ್ಕಕ್ಕೆ ಬಿದ್ದಿತ್ತು, ಕಿವಿಗಳು ತಣ್ಣಗಾಗಿದ್ದುವು. ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಓಡಿದೆ.

ವೈದ್ಯರು ಹೊಟ್ಟೆಯ ಕೆಳಭಾಗವನ್ನು ಎರಡು ಬೆರಳಿನಿಂದ ಮುಟ್ಟಿದರು. ನನ್ನ ಕೈಯನ್ನೂ ಹಿಡಿದು ಅಲ್ಲಿಡಿಸಿದರು. ಒಳಗೆ ಗಟ್ಟಿಯಾದ ಒಂದು ನಿಂಬೆಕಾಯಿಯಂತಹ ಗೋಳ ಸಿಕ್ಕಿತು. ಅದು ಮೂತ್ರಕೋಶ. "ಯಾವಾಗಿನಿಂದ ಹೀಗಿದೆ?" ಎಂದು ಕೇಳಿದರು. "ನಿನ್ನೆ ಸಂಜೆಯಿಂದ" ಎಂದೆ.

ಓದುಗರೇ, ಅದು ಸುಳ್ಳು. ಒಂದು ಇಡೀ ದಿನವನ್ನು ನಾನು ನುಂಗಿಬಿಟ್ಟೆ. ಜೀವ ಹೋಗುತ್ತಿರುವ ಪ್ರಾಣಿಯ ಮುಂದೆಯೂ ಮನುಷ್ಯನು ತನ್ನ ಮಾನವನ್ನು ಕಾಪಾಡಿಕೊಳ್ಳಲು ಹವಣಿಸುತ್ತಾನೆಂಬುದು ನನಗೆ ಅಂದು ತಿಳಿಯಿತು. ವೈದ್ಯರು ಎದೆಗೆ ಶ್ರವಣನಾಳವಿಟ್ಟು ಬಹಳ ಹೊತ್ತು ಆಲಿಸಿದರು. ನನ್ನ ಮುಖವನ್ನು ಒಮ್ಮೆ ನೋಡಿದರು. ಏನೂ ಹೇಳದೆ ತೆಳುವಾದ ಕೊಳವೆಯನ್ನು ಕೈಗೆತ್ತಿಕೊಂಡರು. ಆ ಮೇಜಿನ ಮೇಲೆ ಬೂದ ಗುರುಗುಟ್ಟುತ್ತಿತ್ತು. ನನ್ನ ಬರವಣಿಗೆಗೆ ಒಪ್ಪಿಗೆಯೆಂದು ನಾನು ನಂಬಿದ್ದ ಅದೇ ದನಿ. ಬೆಕ್ಕು ಸುಖದಲ್ಲಿ ಮಾತ್ರವೇ ಅಲ್ಲದೆ ನೋವಿನಲ್ಲಿಯೂ ಭಯದಲ್ಲಿಯೂ ಹಾಗೆ ಗುರುಗುಟ್ಟುವುದುಂಟೆಂದು ಆಮೇಲೆ ತಿಳಿದೆ. ಕೊಳವೆ ಒಳಗಿಳಿಯುವ ಮೊದಲೇ ಆ ದನಿ ನಿಂತಿತು.

ಮನೆಗೆ ಬಂದಾಗ ನಮ್ಮ ತಾಯಿ ಏನನ್ನೂ ಕೇಳಲಿಲ್ಲ. ಹಿತ್ತಿಲಿಗೆ ಹೋಗಿ, ಆ ತಟ್ಟೆಯ ಒಣ ಮರಳನ್ನು ತೆಂಗಿನ ಮರದ ಬುಡಕ್ಕೆ ಸುರಿದು, ತಟ್ಟೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದರು.

ಒಂದು ವಾರದ ತರುವಾಯ ವೈದ್ಯರನ್ನು ಮತ್ತೆ ಕಂಡು ವಿಚಾರಿಸಿದೆ. ಗಂಡುಬೆಕ್ಕಿನ ಮೂತ್ರನಾಳ ಹೆಣ್ಣಿನದಕ್ಕಿಂತ ಉದ್ದವೂ ಬಹು ಕಿರಿದೂ ಆಗಿರುತ್ತದೆ. ಮೂತ್ರದಲ್ಲಿ ಹುಟ್ಟುವ ಸಣ್ಣ ಹರಳುಗಳೂ ಲೋಳೆಯೂ ಸೇರಿ ಅದಕ್ಕೆ ಬಿರಡೆಯಂತೆ ಕೂತುಬಿಟ್ಟರೆ ಒಂದು ತೊಟ್ಟೂ ಹೊರಗೆ ಬಾರದು. ಹೊರಹೋಗಬೇಕಾದ ವಿಷವೆಲ್ಲ ರಕ್ತಕ್ಕೆ ಹಿಂದಿರುಗುತ್ತದೆ. ಅದರಲ್ಲಿ ಪೊಟಾಸಿಯಂ ಎಂಬ ಲವಣಾಂಶ ಏರಿದಂತೆಲ್ಲ ಹೃದಯದ ಬಡಿತ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ದಾರಿ ಪೂರ್ತಿ ಮುಚ್ಚಿದ ಮೇಲೆ ಎರಡು ಮೂರು ದಿನಗಳೊಳಗೆ ಎಲ್ಲವೂ ಮುಗಿಯಬಹುದು. ಮೊದಲ ಕೆಲವು ಗಂಟೆಗಳಲ್ಲಿ ಕೊಳವೆಯಿಂದ ದಾರಿ ಬಿಡಿಸಿದರೆ ಬಹುಪಾಲು ಬೆಕ್ಕುಗಳು ಉಳಿಯುತ್ತವೆ. ನೋಡುವವರು ಇದನ್ನು ಮಲಬದ್ಧತೆಯೆಂದು ತಪ್ಪು ತಿಳಿಯುವುದೇ ಹೆಚ್ಚೆಂದೂ ಅವರು ಹೇಳಿದರು. "ಗಂಡುಬೆಕ್ಕು ಮುಕ್ಕರಿಯುತ್ತಿದೆ ಎಂದರೆ ಮೊದಲು ಮೂತ್ರವನ್ನು ನೋಡಿ, ಆಮೇಲೆ ಮಲವನ್ನು" ಎಂಬುದು ಅವರ ಮಾತು. ನಮ್ಮ ತಾಯಿ ಮಾಡಿದ್ದುದು ಅದನ್ನೇ.

ಅವರಿಗೆ ಅದು ಹೇಗೆ ತಿಳಿಯಿತೆಂದು ನಾನು ಬಹಳ ದಿನ ಯೋಚಿಸಿದೆ. ನಮ್ಮ ತಾಯಿ ಹುಟ್ಟಿದ ಮನೆಯಲ್ಲಿ ಹನ್ನೆರಡು ರಾಸುಗಳಿದ್ದುವು. ಬೆಳಗ್ಗೆ ಎದ್ದವರು ಮೊದಲು ಕೊಟ್ಟಿಗೆಗೆ ಹೋಗಬೇಕು. ಹಸುವಿನ ಮೂತಿಯ ಮೇಲೆ ಹನಿ ಮೂಡಿದೆಯೆ, ಒಣಗಿದೆಯೆ, ರಾತ್ರಿ ಮೆಲುಕು ಹಾಕಿತೆ, ಸಗಣಿ ನಿನ್ನೆಯಂತೆಯೇ ಇದೆಯೆ, ಗಂಜಲದ ಬಣ್ಣವೇನು, ಎಡಗಡೆಯ ಪಕ್ಕೆ ನಗಾರಿಯಂತೆ ಉಬ್ಬಿಲ್ಲವಷ್ಟೆ, ಇಷ್ಟನ್ನು ನೋಡಿಯೇ ಅವರು ಮುಖ ತೊಳೆಯುತ್ತಿದ್ದುದು. ಇದನ್ನು ಯಾರೂ ಅವರಿಗೆ ವಿದ್ಯೆಯೆಂದು ಕಲಿಸಿದುದಲ್ಲ. ಆದರೆ ಅದು ವಿದ್ಯೆಯೇ ಹೌದು. ನಮ್ಮ ಭಾಷೆಯಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯ ವಂಶದ ಕೀರ್ತಿವರ್ಮನು 'ಗೋವೈದ್ಯ'ವೆಂಬ ಗ್ರಂಥವನ್ನು ರಚಿಸಿದನಷ್ಟೆ. ರಾಜವಂಶದವನೊಬ್ಬನು ದನದ ರೋಗಗಳ ಮೇಲೆ ಲೇಖನಿ ಹಿಡಿಯಬೇಕಾದರೆ, ಅಂದಿನ ಮನೆಗಳಲ್ಲಿ ಆ ಜ್ಞಾನಕ್ಕೆ ಎಷ್ಟು ಬೆಲೆಯಿದ್ದಿರಬೇಕು!

ನಾವು ಇಂದು ನಾಯಿಬೆಕ್ಕುಗಳನ್ನು ಕೊಟ್ಟಿಗೆಯಲ್ಲಿ ಕಟ್ಟದೆ ಹಾಸಿಗೆಯ ಮೇಲೆ ಮಲಗಿಸಿಕೊಳ್ಳುತ್ತೇವೆ. ಹುಟ್ಟಿದ ಹಬ್ಬವನ್ನೂ ಮಾಡುತ್ತೇವೆ. ಪ್ರೀತಿಯಲ್ಲಿ ನಾವು ನಮ್ಮ ಹಿರಿಯರಿಗಿಂತ ಒಂದು ಕೈ ಮುಂದೆಯೇ ಇರಬಹುದು. ನೋಡುವುದರಲ್ಲಿ ಹಿಂದೆ ಬಿದ್ದಿದ್ದೇವೆ. ಅವರಿಗೆ ನಿತ್ಯದ ಸ್ಥಿತಿ ಚೆನ್ನಾಗಿ ಗೊತ್ತಿದ್ದುದರಿಂದ ವಿಪರೀತವು ಕಂಡೊಡನೆ ಗುರುತು ಸಿಗುತ್ತಿತ್ತು. ನಮಗೆ ನಿತ್ಯವೇ ಗೊತ್ತಿಲ್ಲ. ಪ್ರಾಣಿಯಾದರೋ ತನ್ನ ನೋವನ್ನು ಮುಚ್ಚಿಡುವುದರಲ್ಲಿ ನಿಪುಣ. ಕಾಡಿನಲ್ಲಿ ನೋವನ್ನು ತೋರಿಸಿಕೊಂಡ ಮೃಗ ಮತ್ತೊಂದರ ಬಾಯಿಗೆ ತುತ್ತಾಗುವುದಷ್ಟೆ; ಆ ಹಳೆಯ ಎಚ್ಚರಿಕೆ ಅದರ ರಕ್ತದಲ್ಲಿ ಇನ್ನೂ ಇದೆ. ಅದು ಮುಚ್ಚಿಡುತ್ತದೆ, ನಾವು ನೋಡುವುದಿಲ್ಲ. ಇವೆರಡರ ನಡುವೆ ಹೊತ್ತು ಮೀರಿಹೋಗುತ್ತದೆ.

ಬೂದ ಹೋದ ಮೇಲೆ ನಾನು ಇನ್ನೊಂದು ಅತಿಗೆ ಹೋದೆನೆಂಬುದನ್ನೂ ಒಪ್ಪಿಕೊಳ್ಳಬೇಕು. ೨೦೧೫ರಲ್ಲಿ ನಮ್ಮ ಮನೆಗೆ ಕಪ್ಪು ಬಣ್ಣದ ಒಂದು ಊರುನಾಯಿಯ ಹೆಣ್ಣುಮರಿ ಬಂದಿತು. ಅದು ಸೀನಿದರೆ ನಾನು ವೈದ್ಯರ ಬಾಗಿಲಿಗೆ ಓಡುತ್ತಿದ್ದೆ. ಹುಲ್ಲು ತಿಂದು ಕಕ್ಕಿದರೆ ಓಡುತ್ತಿದ್ದೆ. ಒಂದು ಸಲ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅದನ್ನು ಹೊತ್ತುಕೊಂಡು ಹೋಗಿ, "ಬೆಳಗಿನಿಂದ ಮಂಕಾಗಿದೆ, ಏನೋ ಭಾರಿ ರೋಗವಿರಬೇಕು" ಎಂದು ನಿಟ್ಟುಸಿರು ಬಿಟ್ಟೆ. ವೈದ್ಯರು ತಮ್ಮ ಊಟದ ಡಬ್ಬಿಯಿಂದ ಒಂದು ತುಂಡು ಇಡ್ಲಿಯನ್ನು ಮುಂದಿಟ್ಟರು. ರೋಗಿ ಅದನ್ನು ನುಂಗಿ ಡಬ್ಬಿಯ ಕಡೆಗೇ ನೋಡಿತು. "ಇದಕ್ಕೆ ರೋಗವಿಲ್ಲ, ಹಸಿವು. ನಿಮಗೆ ಮಾತ್ರ ಸ್ವಲ್ಪ ಭಯರೋಗವಿದೆ. ಕೂತುಕೊಳ್ಳಿ" ಎಂದು ನಕ್ಕು, ಅಂದು ಅರ್ಧ ಗಂಟೆ ಅವರು ನನಗೆ ಪಾಠ ಹೇಳಿದರು. ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು, ಆರೋಗ್ಯವಾಗಿರುವಾಗಲೇ ನಿಮ್ಮ ಪ್ರಾಣಿಯನ್ನು ಓದಿಕೊಳ್ಳಬೇಕು. ಅದು ನಿದ್ರಿಸುವಾಗ ಗಡಿಯಾರವನ್ನು ಹಿಡಿದು, ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಆರೋಗ್ಯವಾದ ನಾಯಿಬೆಕ್ಕುಗಳಲ್ಲಿ ಸಾಮಾನ್ಯವಾಗಿ ಮೂವತ್ತಕ್ಕಿಂತ ಕಡಮೆಯಿರುತ್ತದೆ. ತಣ್ಣಗೆ ಮಲಗಿರುವಾಗಲೂ ನಲವತ್ತನ್ನು ದಾಟಿದರೆ ಎದೆಯೊಳಗೆ ಏನೋ ಕೆಟ್ಟಿದೆ. ನಾಯಿ ಬಾಯ್ದೆರೆದು ಏದುವುದು ಅದರ ಸ್ವಭಾವ. ಬೆಕ್ಕು ಬಾಯ್ದೆರೆದು ಉಸಿರಾಡಿದರೆ ಕ್ಷಣವೂ ತಡೆಯಬಾರದು. ತುಟಿಯನ್ನೆತ್ತಿ ವಸಡನ್ನು ನೋಡಿ. ಅದು ನಸುಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಕೆಂಪೇರಬೇಕು. ವಸಡು ಸುಣ್ಣದಂತೆ ಬಿಳುಪಾದರೆ, ನೀಲಿಯಾದರೆ, ಇಟ್ಟಿಗೆಯ ಕೆಂಪಾದರೆ, ಅದು ಕಾಯಬಾರದ ಹೊತ್ತು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕು.

ಎರಡನೆಯದು, ತಡೆಯದೆ ಹೊರಡಬೇಕಾದ ಸಂದರ್ಭಗಳು. ಮೂತ್ರ ಕಟ್ಟಿದ ಗಂಡುಬೆಕ್ಕಿನ ಮಾತನ್ನು ಆಗಲೇ ಹೇಳಿದ್ದೇನೆ. ಆಳವಾದ ಎದೆಯ ದೊಡ್ಡ ನಾಯಿ ಮತ್ತೆ ಮತ್ತೆ ಓಕರಿಸಿಯೂ ಏನೂ ಹೊರಬಾರದೆ, ಹೊಟ್ಟೆ ಉಬ್ಬಿ, ನಿಂತಲ್ಲಿ ನಿಲ್ಲಲಾರದೆ ತಳಮಳಿಸಿದರೆ ಅದರ ಜಠರವು ತಿರುಚಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕವೂ ಹೆಚ್ಚೇ. ಸೆಳೆವು ಬಂದು ಐದು ನಿಮಿಷ ಮೀರಿದರೆ, ಅಥವಾ ಒಂದೇ ದಿನದಲ್ಲಿ ಮರುಕಳಿಸಿದರೆ ಕಾಯಬಾರದು. ಆ ಸಮಯದಲ್ಲಿ ಬಾಯೊಳಗೆ ಕೈಯನ್ನಾಗಲಿ ಚಮಚವನ್ನಾಗಲಿ ತೂರಿಸಲೂ ಬಾರದು. ಲಸಿಕೆಯಾಗದ ಮರಿಗೆ ವಾಂತಿಯೊಡನೆ ರಕ್ತಭೇದಿ ಹಿಡಿದರೆ ಅದು ಪಾರ್ವೊ ಎಂಬ ಸೋಂಕಿರಬಹುದು. ಮರಿಯ ಮೈಯಲ್ಲಿರುವ ನೀರೇ ಎಷ್ಟು? ಹೆರುವ ನಾಯಿ ಅರ್ಧ ಗಂಟೆ ಬಲವಾಗಿ ಮುಕ್ಕರಿದೂ ಮರಿ ಬಾರದಿದ್ದರೆ, ಬೆದೆ ಕಳೆದ ಕೆಲವು ವಾರಗಳಲ್ಲಿ ಹೆಣ್ಣುನಾಯಿ ಅನ್ನ ಬಿಟ್ಟು ನೀರನ್ನು ಮಾತ್ರ ಅತಿಯಾಗಿ ಕುಡಿಯತೊಡಗಿದರೆ, ಗರ್ಭಕೋಶದಲ್ಲಿ ಕೇಡಿದೆಯೆಂದು ತಿಳಿಯಬೇಕು. ವಾಹನ ಬಡಿದ ಪ್ರಾಣಿ ಎದ್ದು ನಡೆದರೂ ನಂಬಬಾರದು. ಒಳಗಿನ ಪೆಟ್ಟು ಹೊರಗೆ ಕಾಣುವುದಕ್ಕೆ ಹೊತ್ತು ಹಿಡಿಯುತ್ತದೆ. ಹಾವು ಕಚ್ಚಿದ ಅನುಮಾನವಿದ್ದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಇವೆಲ್ಲ ಕಾಲಹರಣ. ಪ್ರತಿವಿಷದ ಇಂಜೆಕ್ಷನ್ನು ಇರುವ ಕಡೆಗೆ ನೇರವಾಗಿ ಹೋಗಬೇಕು. ಬಿಸಿಲ ಝಳಕ್ಕೆ ಸಿಕ್ಕಿದ ನಾಯಿಯ ವಿಷಯದಲ್ಲಿ ಮಾತ್ರ ಕ್ರಮ ತಿರುವುಮುರುವು: ಮೊದಲು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ ಕಾವಿಳಿಸಲು ತೊಡಗಬೇಕು, ಆಮೇಲೆ ಹೊರಡಬೇಕು.

ಮೂರನೆಯದು, ಕಾಯಬಹುದಾದುದು. ಒಮ್ಮೆ ವಾಂತಿ ಮಾಡಿ ಮತ್ತೆ ಆಡತೊಡಗಿದ ನಾಯಿ, ಕುಂಟಿದರೂ ಕಾಲೂರಿ ನಡೆಯುವ ನಾಯಿ, ಒಂದು ಹೊತ್ತು ಊಟ ಬಿಟ್ಟು ಉಳಿದಂತೆ ಚುರುಕಾಗಿರುವ ನಾಯಿ, ಇವಕ್ಕೆ ಒಂದು ದಿನದ ಅವಕಾಶ ಕೊಡಬಹುದು. ಬೆಕ್ಕು ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ಮಾತ್ರ ಮರುದಿನ ತೋರಿಸಲೇಬೇಕು. ಉಪವಾಸವು ಅದರ ಯಕೃತ್ತಿಗೆ ಬೇಗ ಹೊಡೆತ ಹಾಕುತ್ತದೆ. ಕಾಯುವಾಗಲೂ ಮನೆಯ ಔಷಧಿಯ ಪೆಟ್ಟಿಗೆಯನ್ನು ತೆರೆಯಬಾರದು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕನ್ನು ಕೊಲ್ಲಲು. ವಿಷ ತಿಂದಿತೆಂದು ಉಪ್ಪುನೀರು ಹೊಯ್ದು ಕಕ್ಕಿಸುವುದೂ ಅಪಾಯವೇ. ನನ್ನ ಹರಳೆಣ್ಣೆಯ ಮಾತನ್ನು ನಾನೇ ಮತ್ತೆ ಹೇಳಬೇಕೆ?

ಕೊನೆಗೆ ಅವರು ದನಿಯನ್ನು ತಗ್ಗಿಸಿ ಒಂದು ಎಚ್ಚರಿಕೆ ಹೇಳಿದರು. ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾರದೆ ಒದ್ದಾಡುತ್ತಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕನಿಕರದಿಂದ ಬಾಯೊಳಗೆ ಕೈ ಹಾಕುವವರುಂಟು. ಹುಚ್ಚುನಾಯಿಯ ರೋಗದ ಒಂದು ಬಗೆ ಹೀಗೆಯೇ ಇರುತ್ತದೆ. ಅದರಲ್ಲಿ ನಾಯಿ ಅಟ್ಟಿಸಿಕೊಂಡು ಬಾರದೆ ಮೂಲೆ ಹಿಡಿದು ಮಂಕಾಗುತ್ತದೆ. ಆ ಜೊಲ್ಲು ಗಾಯಕ್ಕೆ ಸೋಕಿದರೂ ಸಾಕು. ಕಚ್ಚಿದ ಅಥವಾ ಸೋಕಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ೧೮೮೫ರಲ್ಲಿ ಪಾಶ್ಚರ್ ಮಹಾಶಯನು ಮನುಷ್ಯನಿಗೆ ಮೊದಲ ಬಾರಿಗೆ ಕೊಟ್ಟು ತೋರಿಸಿದ ಈ ರಕ್ಷಣೆ ನಮ್ಮ ಊರುಗಳಲ್ಲೆಲ್ಲ ದೊರೆಯುತ್ತಿರುವಾಗ, ರೋಗ ತಲೆದೋರಿದ ಮೇಲೆ ಮದ್ದಿಲ್ಲವೆಂಬುದನ್ನು ಮರೆತು ಉದಾಸೀನ ಮಾಡುವುದು ತನ್ನ ಪ್ರಾಣದೊಡನೆ ಆಡುವ ಜೂಜು.

ಈ ಪಾಠವನ್ನು ನಾನು ಮನೆಯವರಿಗೆಲ್ಲ ಹೇಳಿದೆ. ನಮ್ಮ ತಾಯಿ ಕೇಳಿ, "ಇದನ್ನು ಹೇಳಿಕೊಡಲು ಡಾಕ್ಟರು ಬೇಕಾಯಿತೇನೋ?" ಎಂದರು. ಮರುವರ್ಷ ಅವರು ತೀರಿಕೊಂಡರು.

ಆ ಕಪ್ಪು ನಾಯಿಗೆ ನಾವು ಇಟ್ಟ ಹೆಸರು ಕಾಳಿ. ಬಣ್ಣದಿಂದ ಬಂದ ಹೆಸರೆಂದು ನೋಡಿದವರು ತಿಳಿಯುತ್ತಾರೆ. ನಿಜವಾಗಿ ಅದು ನಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಹೆಸರು. ಕ್ರಿ. ಶ. ೯೪೯-೫೦ರ ಆತಕೂರಿನ ಶಾಸನವನ್ನು ವಾಚಕರಲ್ಲಿ ಅನೇಕರು ಬಲ್ಲರು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಲು, ಆ ವೀರನು ಊರನ್ನೂ ಹೊನ್ನನ್ನೂ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಇಂದು ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ ಜಿಲ್ಲೆಯವನು ನಾನು; ಬದುಕಿರುವ ನಾಯಿಯ ತುಟಿಯನ್ನೆತ್ತಿ ನೋಡುವಷ್ಟಾದರೂ ಮಾಡಬೇಡವೆ ಎಂಬುದು ಆ ಹೆಸರನ್ನಿಟ್ಟಾಗ ನನ್ನ ಮನಸ್ಸಿನಲ್ಲಿದ್ದ ಮಾತು.

ಅದಕ್ಕೆ ಪರೀಕ್ಷೆಯ ಕಾಲ ಬಂದುದು ೨೦೧೯ರ ಡಿಸೆಂಬರಿನಲ್ಲಿ. ನಮ್ಮ ಮಗಳ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದೊಡನೆ ಕಾಳಿ ಗೇಟಿನ ಬಳಿಗೆ ಧಾವಿಸುವುದು ನಿತ್ಯದ ಸಂಗತಿ. ಆ ಸಂಜೆ ಸದ್ದು ಕೇಳಿತು. ಕಾಳಿ ತಲೆಯೆತ್ತಿ ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು ಹಾಗೆಯೇ ಮಲಗಿತು. ಅಷ್ಟೇ. ವಾಂತಿಯಿಲ್ಲ, ಭೇದಿಯಿಲ್ಲ, ನರಳಾಟವಿಲ್ಲ. ಮಧ್ಯಾಹ್ನದ ಅನ್ನವನ್ನೂ ಉಂಡಿತ್ತು. "ಚಳಿಗೆ ಮುದುರಿಕೊಂಡಿರಬೇಕು, ಬೆಳಗ್ಗೆ" ಎಂದು ನಾನು ಬಾಯಿ ತೆರೆದೆ. ಮಾತು ಪೂರ್ತಿಯಾಗುವ ಮೊದಲೇ ನನ್ನ ಹೆಂಡತಿ ಅದರ ಪಕ್ಕದಲ್ಲಿ ಕುಳಿತು ತುಟಿಯನ್ನೆತ್ತಿದ್ದಳು.

"ಇಲ್ಲಿ ಬನ್ನಿ, ದೀಪ ಹಿಡೀರಿ" ಎಂದಳು.

ವಸಡು ಹೊಸದಾಗಿ ಸುಣ್ಣ ಬಳಿದ ಗೋಡೆಯಂತಿತ್ತು. ಮಗಳು ಉಸಿರನ್ನು ಎಣಿಸಿದಳು: ನಿಮಿಷಕ್ಕೆ ನಲವತ್ತನಾಲ್ಕು. ರಾತ್ರಿ ಎಂಟು ಗಂಟೆ. ಸಂಕೋಚ ಮತ್ತೆ ತಲೆಯೆತ್ತಿತು. ಆದರೆ ಈ ಸಲ ಅದಕ್ಕೆ ಕುರ್ಚಿ ಹಾಕಲಿಲ್ಲ. ವೈದ್ಯರಿಗೆ ದೂರವಾಣಿ ಮಾಡಿದೆ. ಮುಂಚಿತವಾಗಿ ತಿಳಿಸಿದುದರಿಂದ ನಾವು ಹೋಗುವಷ್ಟರಲ್ಲಿ ಅವರು ಎಲ್ಲವನ್ನೂ ಸಿದ್ಧಪಡಿಸಿಕೊಂಡಿದ್ದರು. ಹೊಟ್ಟೆಯ ಕೂದಲನ್ನು ಸರಿಸಿ, ಚರ್ಮದ ಕೆಳಗೆ ನೇರಳೆಹಣ್ಣು ಒರಸಿದಂತಿದ್ದ ಕಲೆಗಳನ್ನು ತೋರಿಸಿ, "ಅಕ್ಕಪಕ್ಕದಲ್ಲಿ ಯಾರಾದರೂ ಇಲಿಪಾಷಾಣ ಇಟ್ಟಿದ್ದಾರೆಯೆ?" ಎಂದು ಕೇಳಿದರು.

ಸುಗ್ಗಿಯ ಕಾಲ, ಪಕ್ಕದ ಮನೆಯ ಹಿರಿಯರ ಹಗೇವಿನ ಕೋಣೆಯಲ್ಲಿ ಭತ್ತವಿತ್ತು. ಅವರಿಗೆ ದೂರವಾಣಿ ಮಾಡಿದೆ. ಮೊದಲು "ಇಲ್ಲವಲ್ಲ" ಎಂದರು. ಆ "ಇಲ್ಲ"ದ ದನಿ ನನಗೆ ಪರಿಚಿತವಾದುದು. ಅದು ಎಂಟು ವರ್ಷಗಳ ಹಿಂದೆ ನನ್ನ ಬಾಯಿಂದ ಬಂದ "ನಿನ್ನೆ ಸಂಜೆ"ಯ ಅಣ್ಣನೋ ತಮ್ಮನೋ ಆಗಿತ್ತು. ನಾನು ಕೋಪಿಸಿಕೊಳ್ಳಲಿಲ್ಲ. "ನಿಮ್ಮ ಮೇಲೆ ದೂರಲ್ಲ, ಯಾವ ಔಷಧಿಯೆಂದು ತಿಳಿದರೆ ನಾಯಿ ಉಳಿಯುತ್ತದೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಟ್ಟಿದ್ದೆ ಕಣಪ್ಪ, ನಾಲ್ಕು ದಿನವಾಯಿತು. ನಿಮ್ಮ ನಾಯಿ ಅಲ್ಲಿಗೆ ಬರುತ್ತೆ ಅಂದುಕೊಳ್ಳಲಿಲ್ಲ" ಎಂದರು. ಹತ್ತು ನಿಮಿಷದಲ್ಲಿ ಆ ವೃದ್ಧರು ತಾವೇ ಸೈಕಲ್ಲಿನಲ್ಲಿ ಬಂದು ಖಾಲಿ ಪೊಟ್ಟಣವನ್ನು ವೈದ್ಯರ ಕೈಗಿತ್ತರು. ಬ್ರೋಮಡಯೋಲೋನ್ ಎಂಬ ವಿಷ ಅದು.

ಅದರ ಕೆಲಸ ವಿಚಿತ್ರ. ರಕ್ತ ಹೆಪ್ಪುಗಟ್ಟಬೇಕಾದರೆ ವಿಟಮಿನ್ ಕೆ ಬೇಕು. ಮೈಯಲ್ಲಿ ಒಮ್ಮೆ ಬಳಕೆಯಾದ ಆ ವಿಟಮಿನ್ನು ಮತ್ತೆ ಬಳಕೆಗೆ ಬರುವ ದಾರಿಯನ್ನು ಈ ವಿಷ ಕಟ್ಟಿಹಾಕುತ್ತದೆ. ಇದ್ದ ದಾಸ್ತಾನು ಮುಗಿಯುವವರೆಗೆ, ಎಂದರೆ ಮೂರು ನಾಲ್ಕು ದಿನ, ಪ್ರಾಣಿ ಎಂದಿನಂತೆಯೇ ಓಡಾಡುತ್ತದೆ. ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ತಿಂದ ಗಳಿಗೆಯಲ್ಲಿ ತಿಳಿದಿದ್ದರೆ ವೈದ್ಯರು ಕಕ್ಕಿಸಿ ತೆಗೆಯಬಹುದಾಗಿತ್ತು. ನಾಲ್ಕನೆಯ ದಿನ ಹೊಟ್ಟೆಯಲ್ಲಿ ತೆಗೆಯಲು ಏನೂ ಉಳಿದಿರುವುದಿಲ್ಲ. ವಿಟಮಿನ್ ಕೆ ಚುಚ್ಚಿದರು. ಅದು ಕೆಲಸ ಮಾಡಲು ಕೆಲವು ಗಂಟೆಗಳು ಬೇಕು. ಅಲ್ಲಿಯವರೆಗೆ ಜೀವ ಹಿಡಿದಿಡಲು ರಕ್ತ ಬೇಕು. ಅದೇ ರಾತ್ರಿ ಮೈಸೂರಿಗೆ ಕಾರಿನಲ್ಲಿ ಹೊರಟೆವು. ಅಲ್ಲಿ ಇನ್ನೊಂದು ಮನೆಯ ದೊಡ್ಡ ನಾಯಿಯೊಂದು ಕಾಳಿಗೆ ರಕ್ತ ಕೊಟ್ಟಿತು. ಬೆಳಗಿನ ಜಾವ ನಾಲ್ಕು ಗಂಟೆಗೆ ನನ್ನ ಹೆಂಡತಿ ಮತ್ತೆ ತುಟಿಯನ್ನೆತ್ತಿ ನೋಡಿದಳು. ಸುಣ್ಣದ ಗೋಡೆಯ ಹಿಂದೆ ಎಲ್ಲೋ ಒಂದು ಸಣ್ಣ ದೀಪ ಹಚ್ಚಿದಂತೆ ನಸುಗೆಂಪು ಕಾಣಿಸಿತು. ಮುಂದೆ ನಾಲ್ಕು ವಾರ ಮಾತ್ರೆ ಕೊಟ್ಟೆವು. ಆ ವಿಷದ ಆಯುಸ್ಸು ದೀರ್ಘವಾದುದರಿಂದ ನಾಯಿ ಚೇತರಿಸಿತೆಂದು ನಡುವೆ ಬಿಡುವಂತಿಲ್ಲ.

ಬೆಳಗಾದ ಮೇಲೆ ವೈದ್ಯರು ದೂರವಾಣಿಯಲ್ಲಿ ವಿಚಾರಿಸಿ, "ನೀವು ರಾತ್ರಿ ಕಾದಿದ್ದರೆ ಬೆಳಗ್ಗೆ ನನ್ನ ಕೆಲಸವಿರುತ್ತಿರಲಿಲ್ಲ" ಎಂದರು. ಆಗ ನಾನು, ಎಂಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. "ಸ್ವಾಮಿ, ಆ ಕೊತ್ತಿ ಶನಿವಾರ ಸಂಜೆಯಿಂದಲೇ ಹಾಗಿತ್ತು. ನಾನು ನಿಮಗೆ ಸುಳ್ಳು ಹೇಳಿದೆ."

"ಗೊತ್ತಿತ್ತು. ಆ ಮೂತ್ರಕೋಶ ಒಂದು ರಾತ್ರಿಯದಲ್ಲ" ಎಂದರು ಅವರು. ಆಮೇಲೆ, ಮೈಸೂರಿನಲ್ಲಿ ಕಾಫಿ ಕುಡಿದಿರೋ ಇಲ್ಲವೋ ಎಂದು ಕೇಳಿದರು.

ನಮ್ಮ ನಾಡಿನಲ್ಲಿ ಈಗ ರೈತರು ೧೯೬೨ ಎಂಬ ದೂರವಾಣಿ ಸಂಖ್ಯೆಗೆ ಕರೆದರೆ ಜಾನುವಾರಿನ ಚಿಕಿತ್ಸೆಗೆ ವಾಹನವು ಮನೆಬಾಗಿಲಿಗೇ ಬರುವ ಏರ್ಪಾಡಿದೆ. ಪಟ್ಟಣಗಳಲ್ಲಿ ರಾತ್ರಿಯೂ ಬಾಗಿಲು ತೆರೆದಿರುವ ಪಶುಚಿಕಿತ್ಸಾಲಯಗಳಿವೆ. ಅವುಗಳ ಸಂಖ್ಯೆಯನ್ನು ಇಂದೇ ವಿಚಾರಿಸಿ ಗೋಡೆಯ ಪಂಚಾಂಗದ ಮೇಲೆ ಬರೆದಿಡುವುದು ಒಳ್ಳೆಯದು. ಆದರೆ ಕರೆಯಬೇಕೆಂದು ಗೊತ್ತಾಗುವುದು ಮನೆಯೊಳಗೆ. ಅದನ್ನು ಯಾವ ವಾಹನವೂ ತಂದುಕೊಡಲಾರದು.

ಕಾಳಿ ಈಗ ಮುದುಕಿ. ಮೂತಿ ನರೆತಿದೆ. ರಾತ್ರಿ ಬಾಗಿಲು ಹಾಕುವ ಮೊದಲು ನಾನು ಅದರ ಪಕ್ಕದಲ್ಲಿ ಕುಳಿತು, ತುಟಿಯನ್ನೆತ್ತಿ ವಸಡನ್ನು ನೋಡಿ, ಒಂದು ನಿಮಿಷ ಉಸಿರನ್ನು ಎಣಿಸುತ್ತೇನೆ. ಅದಕ್ಕೆ ಇದೊಂದು ಬೇಸರದ ಸಂಗತಿ. ಮುಖ ತಿರುಗಿಸಿಕೊಂಡು ಸಹಿಸುತ್ತದೆ. ನಿನ್ನೆ ರಾತ್ರಿ ಇಪ್ಪತ್ತೆರಡು ಇತ್ತು.